ಲೆಕ್ಕ ನೋಡುವವನನ್ನು ಆರಿಸುವವರು ಯಾರು?

(ಬಿ.ಸಿ. ರೋಡಿನಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇವತ್ತಿನ ವಿಷಯ ಆಡಿಟು ಎಂದು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಆಕಳಿಕೆ ಬಂದಿದ್ದರೆ ನಾವು ತಪ್ಪು ತಿಳಿಯುವುದಿಲ್ಲ. ಕೂಲಿಯ ವಿಷಯ ಮಾತಾಡಿದರೆ ರಕ್ತ ಬಿಸಿಯಾಗುತ್ತದೆ, ಬೆಲೆಯೇರಿಕೆಯ ವಿಷಯ ಮಾತಾಡಿದರೆ ಹೊಟ್ಟೆ ಉರಿಯುತ್ತದೆ. ಆಡಿಟಿನ ವಿಷಯ ಮಾತಾಡಿದರೆ ನಿದ್ದೆ ಬರುತ್ತದೆ. ಈ ನಿದ್ದೆ ನಮಗೆ ಬರಲಿ ಎಂದೇ ಕಾದುಕೊಂಡಿರುವವರು ಇದ್ದಾರೆ ಎಂಬುದಷ್ಟನ್ನು ಮೊದಲಿಗೇ ಹೇಳಿಬಿಡುತ್ತೇವೆ.

ಹಾಗೆ ನೋಡಿದರೆ ಲೆಕ್ಕ ನೋಡುವ ಕೆಲಸ ನಿಮಗೆ ಹೊಸತಲ್ಲ. ಬೀಡಿ ಕಟ್ಟುವ ನಮ್ಮ ಅಕ್ಕ ತಂಗಿಯರು ಬ್ರಾಂಚಿಗೆ ಹೋಗಿ ಬೀಡಿ ಒಪ್ಪಿಸಿ, ಪುಸ್ತಕದಲ್ಲಿ ಬರೆದದ್ದನ್ನು ಅಲ್ಲೇ ನಿಂತು ಓದಿಸಿಕೊಳ್ಳದೆ ಮನೆಗೆ ಬರುವುದಿಲ್ಲ. ಎಲೆ ಎಷ್ಟು ಕೊಟ್ಟರು, ಹೊಗೆಸೊಪ್ಪು ಎಷ್ಟು ಕೊಟ್ಟರು, ಸರಿಯಿಲ್ಲವೆಂದು ಎಷ್ಟು ಬೀಡಿ ತೆಗೆದು ಹಾಕಿದರು, ಎಲ್ಲವೂ ಅವರ ಬಾಯಲ್ಲೇ ಉಂಟು. ಅಕ್ಕಿ ಮಿಲ್ಲಿನಲ್ಲಿ, ಹಂಚಿನ ಕಾರ್ಖಾನೆಯಲ್ಲಿ ದುಡಿದವರು ಪ್ರಾವಿಡೆಂಟ್ ಫಂಡಿನ ಚೀಟಿಯನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡಿದ್ದಾರೆ. ದಿನಸಿ ಅಂಗಡಿಯ ನಮ್ಮ ಮಿತ್ರರಂತೂ ರಾತ್ರಿ ಬಾಗಿಲು ಹಾಕುವ ಮೊದಲು ರೋಕಡಿ ಪುಸ್ತಕಕ್ಕೂ ಗಲ್ಲಾಪೆಟ್ಟಿಗೆಗೂ ತಾಳೆ ಬೀಳದಿದ್ದರೆ ಊಟಕ್ಕೆ ಏಳುವವರಲ್ಲ. ಇಷ್ಟು ಜಾಗ್ರತೆಯ ಜನ ನಾವು. ಆದರೆ ನಮ್ಮೆಲ್ಲರ ದುಡ್ಡು ಒಟ್ಟಾಗಿ ಬೀಳುವ ಆ ದೊಡ್ಡ ಗಲ್ಲಾಪೆಟ್ಟಿಗೆ, ಅಂದರೆ ಸರಕಾರದ ಬೊಕ್ಕಸ, ಅದರ ಲೆಕ್ಕ ನೋಡುವವನು ಯಾರು, ಅವನನ್ನು ಆರಿಸಿದವರು ಯಾರು, ಅವನು ಎಲ್ಲಿಂದ ಬಂದ, ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದರೆ ಒಬ್ಬರೂ ಬಾಯಿ ತೆರೆಯುವುದಿಲ್ಲ. ಬೊಕ್ಕಸ ತುಂಬುವಾಗ ನಾವು ಬೇಕು, ಲೆಕ್ಕ ಕೇಳುವಾಗ ಬೇಡ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ತೆರಿಗೆ ಕೊಡುವವರು ದೊಡ್ಡ ಜನ, ನಮಗೇನು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2017ರ ಜುಲೈಯಿಂದ ಬಂದ ಜಿ.ಎಸ್.ಟಿ. ಸಾಬೂನಿನ ತುಂಡಿನ ಮೇಲೂ ಉಂಟು, ಚಪ್ಪಲಿಯ ಮೇಲೂ ಉಂಟು. ಅದೇ ವರ್ಷ ಇನ್ನೊಂದು ಆಯಿತು. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರ ಕಾನೂನಿನ ಕೆಳಗೆ ಬೀಡಿಯ ಮೇಲೆ ಒಂದು ಸೆಸ್ಸು ಹಾಕುತ್ತಿದ್ದರು. ಮಕ್ಕಳ ವಿದ್ಯಾರ್ಥಿವೇತನ, ಆಸ್ಪತ್ರೆ, ಮನೆ ಕಟ್ಟುವ ಸಹಾಯ ಎಂದು ಅದರಿಂದ ಕೊಡುತ್ತಿದ್ದರು. ಜಿ.ಎಸ್.ಟಿ. ಬಂದಾಗ ಆ ಸೆಸ್ಸನ್ನು ನಿಲ್ಲಿಸಿದರು. ಇನ್ನು ಮುಂದೆ ಸರಕಾರವೇ ಬಜೆಟ್ಟಿನಿಂದ ಕೊಡುತ್ತದೆ ಎಂದರು. ಹೆಸರಿಟ್ಟು ಬೇರೆ ಇಟ್ಟಿದ್ದ ದುಡ್ಡು ಹೋಗಿ, ಕೊಟ್ಟರೆ ಉಂಟು ಕೊಡದಿದ್ದರೆ ಇಲ್ಲ ಎಂಬ ದುಡ್ಡು ಬಂತು. ಈ ವ್ಯತ್ಯಾಸವನ್ನು ಹಿಡಿದು ಕೇಳಬೇಕಾದವನು ಯಾರು? ಲೆಕ್ಕ ನೋಡುವವನು. ಅದಕ್ಕೇ ಅವನು ನಮ್ಮವನಾಗಿರಬೇಕು, ಮಂತ್ರಿಗಳವನಾಗಿರಬಾರದು.

ಬೊಕ್ಕಸದ ಲೆಕ್ಕ ಈ ಊರಿಗೆ ಹಳೆಯ ಜಗಳವೂ ಹೌದು. 1834ರಲ್ಲಿ ಕಂಪೆನಿಯವರು ಕೊಡಗನ್ನು ನುಂಗಿದ ಮೇಲೆ, ಅದುವರೆಗೆ ದವಸವಾಗಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ತನ್ನಿ ಎಂದು ಹಟ ಹಿಡಿದರು. 1837ರಲ್ಲಿ ಅಮರ ಸುಳ್ಯದ ರೈತರು ಎದ್ದರು. ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಲ್ಲೇ ಅವರು ಮಂಗಳೂರಿಗೆ ನಡೆದದ್ದು. ನಂದಾವರದ ಬಂಗರಸರು ಅವರ ಜೊತೆ ಸೇರಿದ್ದಕ್ಕೆ ನೇಣುಗಂಬ ಕಂಡರು. ಇಂದು ಖಜಾನೆ ಒಡೆಯುವ ಅಗತ್ಯವಿಲ್ಲ. ಖಜಾನೆ ನಮ್ಮದೇ ಎಂದು ಸಂವಿಧಾನ ಹೇಳುತ್ತದೆ. ಲೆಕ್ಕ ಕೇಳಿದರೆ ಸಾಕು.

ಕೊಡಗಿನ ಮಾತು ಬಂದದ್ದು ಒಳ್ಳೆಯದಾಯಿತು. ಇವತ್ತು ನಾವು ಮುಖ್ಯವಾಗಿ ಹೇಳಬೇಕಾದ ವ್ಯಕ್ತಿಯೂ ಕೊಡಗಿನವರೇ. ಆದರೆ ಅವರು ಕೂತ ಕುರ್ಚಿಯ ವಿಷಯ ಮೊದಲು ಎರಡು ಮಾತು.

ದೇಶದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಎಂದು ಉದ್ದದ ಹೆಸರು. ಪತ್ರಿಕೆಯವರು ಸಿ.ಎ.ಜಿ. ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ 1860ರಲ್ಲಿ ಮೊದಲ ಆಡಿಟರ್ ಜನರಲ್ ಬಂದ. ಅವನು ರಾಣಿಯ ದುಡ್ಡು ನೋಡುವವನು, ನಮ್ಮ ದುಡ್ಡನ್ನಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಬರೆಯುವಾಗ ಈ ಹುದ್ದೆಯ ಅರ್ಥವೇ ಬದಲಾಯಿತು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರರು ನಮ್ಮ ಕರಾವಳಿಯ ಬೆನಗಲ್ ಮನೆತನದ ನರಸಿಂಗರಾಯರು ಎಂಬುದನ್ನು ನೀವು ಕೇಳಿರಬಹುದು. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಅಂಬೇಡ್ಕರರು, ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯನಾದ ಅಧಿಕಾರಿ ಇವನೇ, ನ್ಯಾಯಾಧೀಶರ ಕರ್ತವ್ಯಕ್ಕಿಂತಲೂ ಇವನ ಕರ್ತವ್ಯ ಹಿರಿದು ಎಂಬ ಅಭಿಪ್ರಾಯ ಕೊಟ್ಟರು. ಇಷ್ಟಾದರೂ ಅವನಿಗೆ ತನ್ನ ಸಿಬ್ಬಂದಿಯ ಮೇಲೆ ನ್ಯಾಯಾಲಯಕ್ಕಿರುವಷ್ಟು ಹಿಡಿತ ಕೊಟ್ಟಿಲ್ಲವಲ್ಲ ಎಂದು ಬೇಸರವನ್ನೂ ತೋಡಿಕೊಂಡರು.

ಸಂವಿಧಾನ ಈ ಮನುಷ್ಯನಿಗೆ ಒಳ್ಳೆಯ ಬೀಗಗಳನ್ನೇ ಹಾಕಿಕೊಟ್ಟಿತು. ಸುಪ್ರೀಂ ಕೋರ್ಟಿನ ನ್ಯಾಯಾಧೀಶನನ್ನು ತೆಗೆಯುವಷ್ಟೇ ಕಷ್ಟ ಇವನನ್ನು ತೆಗೆಯುವುದು. ಸಂಬಳವನ್ನು ಮಧ್ಯದಲ್ಲಿ ಕಡಿಮೆ ಮಾಡುವಂತಿಲ್ಲ. ಹುದ್ದೆ ಬಿಟ್ಟ ಮೇಲೆ ಕೇಂದ್ರ ಸರಕಾರದ ಕೆಳಗಾಗಲಿ ರಾಜ್ಯ ಸರಕಾರದ ಕೆಳಗಾಗಲಿ ಬೇರೆ ಹುದ್ದೆ ಹಿಡಿಯುವಂತಿಲ್ಲ. ಆರು ವರ್ಷ ಅಥವಾ ಅರವತ್ತೈದು ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ ಅವನು ಯಾರಿಗೂ ಹೆದರಬೇಕಾಗಿಲ್ಲ. ಎಲ್ಲ ಕಿಟಕಿಗೂ ಸರಳು, ಹಿತ್ತಲ ಬಾಗಿಲಿಗೂ ಚಿಲಕ. ಎದುರಿನ ಬಾಗಿಲೊಂದನ್ನು ಮಾತ್ರ ಹಾಗೇ ಬಿಟ್ಟರು. ಅವನನ್ನು ಒಳಗೆ ಕರೆತರುವವರು ಯಾರು? ರಾಷ್ಟ್ರಪತಿ ಎಂದು ಬರೆದಿದೆ. ರಾಷ್ಟ್ರಪತಿ ಎಂದರೆ ಮಂತ್ರಿಮಂಡಲದ ಸಲಹೆ, ಮಂತ್ರಿಮಂಡಲ ಎಂದರೆ ಪ್ರಧಾನಮಂತ್ರಿ. ಯಾರ ಲೆಕ್ಕ ನೋಡಬೇಕೋ ಅವರೇ ಲೆಕ್ಕ ನೋಡುವವನನ್ನು ಕರೆತರುತ್ತಾರೆ. ನಮ್ಮ ಅಂಗಡಿಯ ಗುಮಾಸ್ತ ತನ್ನ ಲೆಕ್ಕ ನೋಡುವುದಕ್ಕೆ ತಾನೇ ಒಬ್ಬನನ್ನು ಕರೆದುಕೊಂಡು ಬಂದರೆ ನಾವು ಸುಮ್ಮನೆ ಕೂರುತ್ತೇವೆಯೇ?

ಹಾಗೆಂದು ಬಂದವರೆಲ್ಲ ಬಾಲಬಡುಕರು ಎಂದು ನಾವು ಹೇಳುವುದಿಲ್ಲ, ಹೇಳಿದರೆ ಅದು ಸುಳ್ಳಾಗುತ್ತದೆ. ಸ್ವತಂತ್ರ ಭಾರತದ ಮೊದಲ ಮಹಾಲೆಕ್ಕಪರಿಶೋಧಕ ವಿ. ನರಹರಿರಾಯರು 1948ರಿಂದ 1954ರವರೆಗೆ ಇದ್ದರು. ಅವರ ಕಾಲದಲ್ಲೇ ಜೀಪಿನ ಹಗರಣ. 1948ರಲ್ಲಿ ಸೈನ್ಯಕ್ಕೆಂದು ಲಂಡನ್ನಿನಲ್ಲಿ ನಿಯಮ ಮೀರಿ ಗುತ್ತಿಗೆ ಮಾಡಿಕೊಂಡು, ಎಂಬತ್ತು ಲಕ್ಷ ರೂಪಾಯಿಯ ವ್ಯವಹಾರದಲ್ಲಿ ಭಾರತಕ್ಕೆ ಬಂದು ಇಳಿದದ್ದು 155 ಜೀಪು, ಅವೂ ಉಪಯೋಗಕ್ಕೆ ಬಾರದವು. ನೆಹರೂ ಅವರ ಹೆಸರಿಗೆ ದೇಶವೇ ತಲೆಬಾಗುತ್ತಿದ್ದ ಆ ದಿನಗಳಲ್ಲಿ ಲೆಕ್ಕದವರು ಅದನ್ನು ಎತ್ತಿ ಬರೆದರು. 1955ರಲ್ಲಿ ಸರಕಾರ ಆ ಕಡತವನ್ನು ಮುಚ್ಚಿತು, ಗುತ್ತಿಗೆ ಮಾಡಿದ ಕೃಷ್ಣ ಮೆನನ್ನರು ಮರುವರ್ಷ ಮಂತ್ರಿಯಾದರು. ಬರೆಯುವವನು ಬರೆದ, ಮುಚ್ಚುವವರು ಮುಚ್ಚಿದರು. ಆ ಚಾಳಿ ಅಂದಿನದು.

ಈಗ ಕೊಡಗಿನವರ ವಿಷಯಕ್ಕೆ ಬರೋಣ. ಕೋದಂಡ ಗಣಪತಿ ಸೋಮಯ್ಯ, ಸಿ.ಜಿ. ಸೋಮಯ್ಯ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಸಂಪಾಜೆ ಘಾಟಿ ಹತ್ತಿದರೆ ಸಿಗುವ ನಾಡಿನವರು. ಐ.ಎ.ಎಸ್. ಸೇರಿ ಒರಿಸ್ಸಾ ರಾಜ್ಯಕ್ಕೆ ಹೋದರು. ಅಲ್ಲಿಂದ ದೆಹಲಿ. 1986ರಿಂದ 1988ರವರೆಗೆ ಕೇಂದ್ರದ ಗೃಹ ಕಾರ್ಯದರ್ಶಿ, ಆ ಮೇಲೆ ಎರಡು ವರ್ಷ ಕೇಂದ್ರ ಜಾಗೃತ ಆಯುಕ್ತ, 1990ರ ಮಾರ್ಚಿನಿಂದ 1996ರ ಮಾರ್ಚಿನವರೆಗೆ ದೇಶದ ಮಹಾಲೆಕ್ಕಪರಿಶೋಧಕ. ಒಬ್ಬ ಅಧಿಕಾರಿಗೆ ಇದಕ್ಕಿಂತ ದೊಡ್ಡ ಮೆಟ್ಟಿಲು ಇಲ್ಲ.

ಅವರು ಕೂತ ಕುರ್ಚಿ ಆಗ ಕಾದ ಕಾವಲಿಯಂತಿತ್ತು. ಅವರ ಹಿಂದಿನವರು ಟಿ.ಎನ್. ಚತುರ್ವೇದಿ. 1989ರ ಜುಲೈಯಲ್ಲಿ ಬೋಫೋರ್ಸ್ ಫಿರಂಗಿ ಖರೀದಿಯ ಮೇಲೆ ಅವರ ವರದಿ ಪಾರ್ಲಿಮೆಂಟಿನಲ್ಲಿ ಬಿದ್ದಾಗ ಆಡಳಿತ ಪಕ್ಷದವರು ಅವರ ಮೇಲೆ ಹರಿಹಾಯ್ದರು, ವಿರೋಧ ಪಕ್ಷದ ಸದಸ್ಯರು ಲೋಕಸಭೆಗೆ ಸಾಮೂಹಿಕ ರಾಜೀನಾಮೆ ಕೊಟ್ಟರು, ಅದೇ ವರ್ಷ ಚುನಾವಣೆಯಲ್ಲಿ ಸರಕಾರವೇ ಉರುಳಿತು. ಲೆಕ್ಕದ ಪುಸ್ತಕಕ್ಕೆ ಸರಕಾರ ಅಲ್ಲಾಡಿಸುವ ಬಲ ಉಂಟೆಂದು ದೇಶ ಆಗ ಕಂಡಿತು. ಅಂಥ ಹೊತ್ತಿನಲ್ಲಿ ಹೊಸ ಪ್ರಧಾನಿ ವಿ.ಪಿ. ಸಿಂಗರ ಸರಕಾರ ಸೋಮಯ್ಯನವರನ್ನು ಕರೆತಂದಿತು. ಹೇಗೆ ಕರೆತಂದಿತು? ಹಿಂದಿನವರು ಹೇಗೆ ತಂದರೋ ಹಾಗೆಯೇ. ಯಾವ ಸಮಿತಿಯೂ ಇಲ್ಲ, ಯಾವ ಅರ್ಜಿಯೂ ಇಲ್ಲ, ಯಾರ ಹೆಸರುಗಳನ್ನು ನೋಡಿದರು, ಯಾರನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಊರಿಗೆ ಹೇಳಬೇಕೆಂಬ ನಿಯಮವೂ ಇಲ್ಲ.

ಇನ್ನು ಇದರ ಸ್ವಾರಸ್ಯ ನೋಡಿ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಲೆಕ್ಕ ನೋಡುವುದಕ್ಕೆ ಮೂರು ಜನರ ಒಂದು ಮಂಡಳಿ ಉಂಟು, 1946ರಲ್ಲಿ ಮಾಡಿದ್ದು. ಸದಸ್ಯ ರಾಷ್ಟ್ರಗಳ ಮಹಾಲೆಕ್ಕಪರಿಶೋಧಕರೇ ಅದರ ಸದಸ್ಯರಾಗಬೇಕು. ಆರಿಸುವುದು ಸಾಮಾನ್ಯ ಸಭೆ, ಅಂದರೆ ಎಲ್ಲ ರಾಷ್ಟ್ರಗಳೂ ಕೂಡಿ. ಪೈಪೋಟಿ ಇದ್ದರೆ ಗುಪ್ತ ಮತದಾನ. ದೊಡ್ಡ ದೇಶಕ್ಕೂ ಒಂದೇ ಮತ, ನಮ್ಮ ಜಿಲ್ಲೆಯಷ್ಟೂ ಇಲ್ಲದ ದ್ವೀಪಕ್ಕೂ ಒಂದೇ ಮತ. ಆ ಮಂಡಳಿಗೆ 1993ರಿಂದ ಭಾರತ ಬಂತು, ಆಗ ಭಾರತದ ಕುರ್ಚಿಯಲ್ಲಿ ಇದ್ದವರು ಸೋಮಯ್ಯನವರು. ಅವರ ನಂತರವೂ 1999ರವರೆಗೆ ಆ ಸ್ಥಾನ ಭಾರತಕ್ಕೆ ಉಳಿಯಿತು. 2014ರಿಂದ 2020ರವರೆಗೆ ಮತ್ತೊಮ್ಮೆ ಸಿಕ್ಕಿತು. ಅಂದರೆ ಕೊಡಗಿನ ಈ ಮನುಷ್ಯ ವಿಶ್ವಸಂಸ್ಥೆಯ ಲೆಕ್ಕ ನೋಡುವುದಕ್ಕೆ ರಾಷ್ಟ್ರಗಳೆಲ್ಲ ಸೇರಿ ಒಪ್ಪಬೇಕಾಯಿತು. ತನ್ನದೇ ದೇಶದ ಲೆಕ್ಕ ನೋಡುವುದಕ್ಕೆ ದೆಹಲಿಯ ಒಂದು ಕೋಣೆ ಒಪ್ಪಿದರೆ ಸಾಕಾಯಿತು!

ಅವರು 2010ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟಿಸಿದರು. ಪ್ರಾಮಾಣಿಕರು ಯಾವಾಗಲೂ ಒಂಟಿಯಾಗಿಯೇ ನಿಲ್ಲುತ್ತಾರೆ ಎಂಬ ಅರ್ಥ ಬರುವ ಹೆಸರು ಅದಕ್ಕೆ. ಅವರು ಈಗಿಲ್ಲ. ಅಷ್ಟು ದೊಡ್ಡ ಹುದ್ದೆಗಳಲ್ಲಿ ಇದ್ದು ಬಂದವರ ಅನುಭವಕ್ಕೆ ನಾವು ಗೌರವ ಕೊಡುತ್ತೇವೆ. ಆದರೆ ಆ ಹೆಸರನ್ನು ಒಪ್ಪುವುದಕ್ಕೆ ಕಾರ್ಮಿಕ ಸಂಘದಲ್ಲಿ ಬೆಳೆದ ನಮಗೆ ಕಷ್ಟವಾಗುತ್ತದೆ. ಒಬ್ಬ ಒಂಟಿಯಾಗಿ ನಿಲ್ಲಬೇಕಾಗಿ ಬಂದರೆ ಅದು ಅವನ ಹಿರಿಮೆ ಇರಬಹುದು, ಉಳಿದವರಿಗೆ ಅದು ನಾಚಿಕೆ. ಒಂಟಿಯಾಗಿ ನಿಂತವನನ್ನು ಹೊಗಳಿ ಮನೆಗೆ ಹೋಗುವುದು ಸುಲಭ. ಅವನ ಹಿಂದೆ ನಾಲ್ಕು ಜನ ನಿಲ್ಲುವ ಹಾಗೆ ಏರ್ಪಾಡು ಮಾಡುವುದೇ ಕಷ್ಟದ ಕೆಲಸ.

ಏರ್ಪಾಡಿನ ಮಾತಿಗೆ ಬಂದರೆ ಮೊದಲು ಈ ವೃತ್ತಿಯ ಹಾದಿಯನ್ನು ನೋಡಬೇಕು. ಇತ್ತೀಚಿನ ದಶಕಗಳಲ್ಲಿ ಈ ಕುರ್ಚಿಗೆ ಬಂದವರೆಲ್ಲ ಐ.ಎ.ಎಸ್.ನವರು, ಬಹುತೇಕ ದೆಹಲಿಯ ಯಾವುದಾದರೊಂದು ಇಲಾಖೆಯ ಕಾರ್ಯದರ್ಶಿಯಾಗಿದ್ದವರು. ಲೆಕ್ಕಪರಿಶೋಧನೆಗೇ ಬೇರೆ ಸೇವಾವರ್ಗ ಉಂಟು, ಅದರಲ್ಲಿ ಜೀವಮಾನವಿಡೀ ಲೆಕ್ಕ ನೋಡಿ ತಲೆ ನರೆತವರು ಇದ್ದಾರೆ, ಅವರಿಗೆ ಮೇಲಿನ ಮೆಟ್ಟಿಲು ಸಿಗುವುದಿಲ್ಲ. 2013ರಲ್ಲಿ ಶಶಿಕಾಂತ ಶರ್ಮರನ್ನು ನೇಮಿಸಿದಾಗ ಅವರು ರಕ್ಷಣಾ ಕಾರ್ಯದರ್ಶಿ, ಅದಕ್ಕೂ ಮೊದಲು ಅದೇ ಇಲಾಖೆಯಲ್ಲಿ ಖರೀದಿಯ ವಿಭಾಗವನ್ನೇ ನೋಡಿಕೊಂಡಿದ್ದವರು. ಅವರು ತಪ್ಪು ಮಾಡಿದರೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಇಷ್ಟೇ: ನಿನ್ನೆ ತಾನೇ ರುಜು ಹಾಕಿದ ಕಾಗದವನ್ನು ಇವತ್ತು ಬೇರೆ ಕುರ್ಚಿಯಲ್ಲಿ ಕೂತು ತಾನೇ ತಪಾಸಣೆ ಮಾಡಬೇಕಾದ ಪೇಚಿಗೆ ಒಬ್ಬನನ್ನು ಸಿಕ್ಕಿಸುವುದು ಯಾತಕ್ಕೆ? ಆ ನೇಮಕವನ್ನು ಪ್ರಶ್ನಿಸಿ ದೆಹಲಿಯ ಹೈಕೋರ್ಟಿಗೆ ಹೋದವರಿದ್ದರು. ಅರ್ಜಿ ನಿಲ್ಲಲಿಲ್ಲ.

ಆಮೇಲಿನ ದಾರಿಯೂ ಅಷ್ಟೇ. ಹುದ್ದೆ ಬಿಟ್ಟ ಮೇಲೆ ಸರಕಾರದ ಕೆಳಗೆ ಬೇರೆ ಹುದ್ದೆ ಇಲ್ಲವೆಂದು ಸಂವಿಧಾನ ಹೇಳಿತು ಎಂದೆವಲ್ಲ. ಆದರೆ 1954ರಿಂದ 1960ರವರೆಗೆ ಮಹಾಲೆಕ್ಕಪರಿಶೋಧಕರಾಗಿದ್ದ ಎ.ಕೆ. ಚಂದ ಅವರು ಹೊರಬಂದವರೇ ಮೂರನೆಯ ಹಣಕಾಸು ಆಯೋಗದ ಅಧ್ಯಕ್ಷರಾದರು. ಬೋಫೋರ್ಸ್ ವರದಿ ಕೊಟ್ಟ ಚತುರ್ವೇದಿಯವರು ಭಾರತೀಯ ಜನತಾ ಪಕ್ಷದಿಂದ ರಾಜ್ಯಸಭೆಗೆ ಹೋದರು, 2002ರಿಂದ 2007ರವರೆಗೆ ನಮ್ಮದೇ ಕರ್ನಾಟಕದ ರಾಜ್ಯಪಾಲರಾಗಿ ಬೆಂಗಳೂರಿನಲ್ಲಿ ಇದ್ದರು. ರಾಜ್ಯಪಾಲನ ಹುದ್ದೆ ಸರಕಾರದ ಕೆಳಗಿನ ಹುದ್ದೆಯಲ್ಲ ಎಂದು 1979ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನ ಕೊಟ್ಟಿತ್ತು. ಆದ್ದರಿಂದ ಕಾನೂನಿನ ಪ್ರಕಾರ ಎಲ್ಲವೂ ಸರಿ. ಕಾನೂನಿನ ಪ್ರಕಾರ ಸರಿಯಾದದ್ದೆಲ್ಲ ಊರಿನ ಕಣ್ಣಿಗೆ ಸರಿ ಕಾಣಬೇಕೆಂದೇನೂ ಇಲ್ಲ. ಚತುರ್ವೇದಿಯವರ ವರದಿ ಸತ್ಯವೇ ಇರಬಹುದು. ಆದರೂ ಅದರಿಂದ ನೋವಾದವರಿಗೆ, ನೋಡಿ, ಅದು ಯಾರಿಗಾಗಿ ಬರೆದದ್ದೆಂದು ಈಗ ಗೊತ್ತಾಯಿತು ಎಂದು ಹೇಳಲು ಒಂದು ಬಾಯಿ ಸಿಕ್ಕಿತು. ನಷ್ಟವಾದದ್ದು ವರದಿಗೆ.

ಹಾಗಾದರೆ ಏನು ಮಾಡಬೇಕು, ನಾವೇ ವೋಟು ಹಾಕಿ ಆರಿಸೋಣವೇ ಎಂದು ನಮ್ಮ ಯುವಕ ಮಿತ್ರರು ಕೇಳುತ್ತಾರೆ. ಹಾಗೆ ಮಾಡುವ ನಾಡು ಉಂಟು. ಅಮೆರಿಕದ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ರಾಜ್ಯದ ಆಡಿಟರನ್ನು ಜನರೇ ಮತ ಹಾಕಿ ಆರಿಸುತ್ತಾರೆ, ಗವರ್ನರನನ್ನು ಆರಿಸುವ ಹಾಗೆಯೇ. ಇದರ ಗುಣವನ್ನೂ ನೋಡಿದ್ದೇವೆ. ಮಸಾಚುಸೆಟ್ಸ್ ರಾಜ್ಯದಲ್ಲಿ 2022ರಲ್ಲಿ ಡಯಾನಾ ಡಿಜೋಗ್ಲಿಯೋ ಎಂಬ ಹೆಂಗಸು ಆಡಿಟರಾಗಿ ಆರಿಸಿ ಬಂದರು. ಶಾಸನಸಭೆಯ ಲೆಕ್ಕವನ್ನೂ ನೋಡುತ್ತೇನೆ ಎಂದರು. ಶಾಸಕರು ಕೊಡುವುದಿಲ್ಲ ಎಂದರು. ಅವರು ಪ್ರಶ್ನೆಯನ್ನು ಜನರ ಮುಂದೆಯೇ ಇಟ್ಟರು. 2024ರ ನವೆಂಬರಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ, ನೋಡಲಿ ಎಂದು ಮತ ಹಾಕಿದರು. ಇಷ್ಟಾದರೂ ಶಾಸಕರು ಪುಸ್ತಕ ಬಿಚ್ಚಲು ಒಪ್ಪದೆ ತಕರಾರು ಮುಂದುವರಿಸಿದರು, ಅದು ಬೇರೆ. ಜನರ ಮತ ಹಿಂದೆ ಇರುವ ಆಡಿಟರು ಒಂಟಿಯಲ್ಲ ಎಂಬುದಂತೂ ಅಲ್ಲಿ ಕಂಡಿತು.

ದೋಷವೂ ಉಂಟು. ಚುನಾವಣೆಗೆ ನಿಂತವನಿಗೆ ಪಕ್ಷ ಬೇಕು, ಪ್ರಚಾರಕ್ಕೆ ದುಡ್ಡು ಬೇಕು, ದುಡ್ಡು ಕೊಟ್ಟವನು ನೆನಪಿಟ್ಟುಕೊಳ್ಳುತ್ತಾನೆ. ಮುಂದಿನ ದೊಡ್ಡ ಕುರ್ಚಿಗೆ ಇದೊಂದು ಏಣಿಯೂ ಆಗುತ್ತದೆ. ಮಿಸೂರಿ ರಾಜ್ಯದ ಆಡಿಟರಾಗಿದ್ದ ಕ್ಲೇರ್ ಮೆಕ್ಕಾಸ್ಕಿಲ್ 2007ರಲ್ಲಿ ಸೀದಾ ಸೆನೇಟಿಗೆ ಹೋದರು. ನಮ್ಮ ಊರಿನ ಚುನಾವಣೆಗಳನ್ನು ನೀವು ಕಂಡವರು. ಯಾವ ಜಾತಿಯ ಆಡಿಟರು, ಯಾವ ಧರ್ಮದ ಆಡಿಟರು ಎಂಬಲ್ಲಿಂದ ಮಾತು ಶುರುವಾಗಿ, ಹಿಂದಿನ ರಾತ್ರಿ ಹಂಚುವ ಕವರಿನಲ್ಲಿ ಮುಗಿಯುತ್ತದೆ. ಕವರು ಹಂಚಿ ಬಂದವನು ಯಾರ ಲೆಕ್ಕ ನೋಡುತ್ತಾನೆ? ಆದ್ದರಿಂದ ಬೀದಿಯ ಚುನಾವಣೆ ಬೇಡವೆಂದೇ ನಮ್ಮ ಅಭಿಪ್ರಾಯ.

ಬೀದಿಯ ಚುನಾವಣೆಗೂ ಒಂದೇ ಕೋಣೆಯ ನೇಮಕಕ್ಕೂ ನಡುವೆ ದಾರಿ ಇಲ್ಲವೇ? ಉಂಟು. ನಮಗೆ ಈ ಹುದ್ದೆಯನ್ನು ಕಲಿಸಿದ ಬ್ರಿಟನ್ನಿನಲ್ಲೇ 1983ರ ಕಾನೂನಿನ ಪ್ರಕಾರ, ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷನ ಒಪ್ಪಿಗೆ ಇಲ್ಲದೆ ಪ್ರಧಾನಿ ಈ ಹೆಸರನ್ನು ಸಭೆಯ ಮುಂದೆ ಇಡುವಂತಿಲ್ಲ. ಆ ಅಧ್ಯಕ್ಷ ವಿರೋಧ ಪಕ್ಷದವನು. ನಾವು ಗುರುವಿನಿಂದ ಕುರ್ಚಿ ತಂದೆವು, ಗುರು ಆಮೇಲೆ ಮಾಡಿದ ರಿಪೇರಿಯನ್ನು ತರಲಿಲ್ಲ.

ನಮ್ಮಲ್ಲೇ ಬೇರೆ ಹುದ್ದೆಗಳಿಗೆ ಇದು ಬಂದಿದೆ. ಸೋಮಯ್ಯನವರು ಹಿಂದೆ ಕೂತಿದ್ದ ಜಾಗೃತ ಆಯುಕ್ತನ ಹುದ್ದೆಗೆ 2003ರ ಕಾನೂನಿನಂತೆ ಪ್ರಧಾನಿ, ಗೃಹಮಂತ್ರಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮೂವರೂ ಕೂತು ಹೆಸರು ಹೇಳಬೇಕು. ಇಬ್ಬರು ಒಂದು ಕಡೆ ಆದ ಮೇಲೆ ಮೂರನೆಯವನಿಂದ ಏನು ಪ್ರಯೋಜನ ಎನ್ನುತ್ತೀರೋ? 2010ರಲ್ಲಿ ಪಿ.ಜೆ. ಥಾಮಸ್ ಎಂಬವರನ್ನು ಆ ಹುದ್ದೆಗೆ ತರುವಾಗ ಮೂರನೆಯವರಾಗಿದ್ದ ಸುಷ್ಮಾ ಸ್ವರಾಜ್, ನನಗೆ ಒಪ್ಪಿಗೆಯಿಲ್ಲ ಎಂದು ಕಾಗದದ ಮೇಲೆ ಬರೆದರು. ಇಬ್ಬರು ಅದನ್ನು ಬದಿಗಿಟ್ಟು ನೇಮಿಸಿದರು. 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ನೇಮಕವನ್ನೇ ಹೊಡೆದುಹಾಕಿತು. ಒಬ್ಬರ ಭಿನ್ನಮತದ ಬೆಲೆ ಅದು. ಮಹಾಲೆಕ್ಕಪರಿಶೋಧಕನ ನೇಮಕದಲ್ಲಿ ಭಿನ್ನಮತ ಬರೆಯುವುದಕ್ಕೆ ಕೂತವರೇ ಇಲ್ಲ, ಬರೆಯುವುದಕ್ಕೆ ಕಾಗದವೂ ಇಲ್ಲ. ಕಾಂಗ್ರೆಸ್ಸು ಬಂದರೂ ಇಲ್ಲ, ಜನತಾದವರು ಬಂದರೂ ಇಲ್ಲ, ಭಾರತೀಯ ಜನತಾ ಪಕ್ಷ ಬಂದರೂ ಇಲ್ಲ. ಈ ಒಂದು ವಿಷಯದಲ್ಲಿ ಎಲ್ಲರೂ ಅಣ್ಣತಮ್ಮಂದಿರು. ಸಮಿತಿಯ ಮೂಲಕವೇ ಆರಿಸಬೇಕೆಂದು ಕೇಳುವ ಅರ್ಜಿಯೊಂದರ ಮೇಲೆ 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ನೋಟೀಸು ಕೊಟ್ಟಿತು. ನಮ್ಮ ಬೇಡಿಕೆಯೂ ಅದೇ, ಮೇಲೆ ಇನ್ನೊಂದು: ಆ ಕುರ್ಚಿಯಿಂದ ಇಳಿದವರಿಗೆ ರಾಜ್ಯಪಾಲರ ಬಂಗಲೆಯೂ ಬೇಡ, ಪಕ್ಷದ ಟಿಕೇಟೂ ಬೇಡ. ಒಳ್ಳೆಯ ಪಿಂಚಣಿ ಕೊಡಲಿ, ನಮ್ಮ ಅಡ್ಡಿಯಿಲ್ಲ.

ಒಳ್ಳೆಯವನನ್ನು ಆರಿಸಿದ ಮಾತ್ರಕ್ಕೆ ಕೆಲಸ ಆಯಿತೆಂದೂ ಅಲ್ಲ. ಬಿಹಾರದ ಮೇವಿನ ಹಗರಣ ಕೇಳಿದ್ದೀರಿ. ಅಲ್ಲಿಯ ಖಜಾನೆಯಿಂದ ತಿಂಗಳ ಲೆಕ್ಕ ತಡವಾಗಿ ಬರುತ್ತಿದೆ, ಇದು ಒಳ್ಳೆಯ ಲಕ್ಷಣವಲ್ಲ ಎಂದು ಇದೇ ಚತುರ್ವೇದಿಯವರು 1985ರಲ್ಲೇ ಮುಖ್ಯಮಂತ್ರಿಗೆ ಬರೆದಿದ್ದರು. ಹಗರಣ ಬಯಲಾದದ್ದು 1996ರಲ್ಲಿ. ನಡುವಿನ ಹನ್ನೊಂದು ವರ್ಷ ದನಗಳ ಹೆಸರಿನಲ್ಲಿ ಮನುಷ್ಯರು ಮೇದರು. ನಮ್ಮ ರಾಜ್ಯದಲ್ಲೂ ವರದಿಗಳು ಎಷ್ಟೋ ಸಲ ಅಧಿವೇಶನ ಮುಗಿಯುವ ಹೊತ್ತಿಗೆ ಸದನಕ್ಕೆ ಬರುತ್ತವೆ. ಶಾಸಕರು ಪೆಟ್ಟಿಗೆ ಕಟ್ಟುವ ಹೊತ್ತು, ಓದುವ ಹೊತ್ತಲ್ಲ.

ಈಗ ನಮ್ಮ ಮೂರು ಊರಿಗೆ ಬರೋಣ. ದೆಹಲಿಯ ಬಾಗಿಲಿಗೆ ಚಿಲಕ ಹಾಕಿಸುವುದು ನಾಳೆ ಆಗುವ ಕೆಲಸವಲ್ಲ. ಇಲ್ಲಿ ಮಾಡುವುದಕ್ಕೆ ಈಗಲೇ ಅಧಿಕಾರ ಉಂಟು. ಬಂಟ್ವಾಳದ ಪುರಸಭೆ, ಮೂಡಬಿದಿರೆಯ ಪುರಸಭೆ, ಬೆಳ್ತಂಗಡಿಯ ಪಟ್ಟಣ ಪಂಚಾಯತು, ಸುತ್ತಲಿನ ಗ್ರಾಮ ಪಂಚಾಯತುಗಳು, ಇವುಗಳ ಲೆಕ್ಕ ನೋಡುವುದು ರಾಜ್ಯದ ಲೆಕ್ಕಪರಿಶೋಧನಾ ಇಲಾಖೆ. ಅದು ಹಣಕಾಸು ಇಲಾಖೆಯ ಕೈಕೆಳಗೇ ಇರುವಂಥದ್ದು. ಆದರೆ ಗ್ರಾಮ ಪಂಚಾಯತಿನಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್ ಸೆಪ್ಟೆಂಬರಿನ ಸುಮಾರಿಗೆ, ಜಮಾಬಂದಿ ನಡೆಯುತ್ತದೆ. ಅದು ಅಧಿಕಾರಿಗಳಿಗೂ ಸದಸ್ಯರಿಗೂ ಮಾತ್ರ ಎಂದು ತಿಳಿಯಬೇಡಿ. ಮಳೆ ಉಂಟೆಂದು ಮನೆಯಲ್ಲಿ ಕೂರಬೇಡಿ, ಕೊಡೆ ಹಿಡಿದು ಹೋಗಿ. ಲೆಕ್ಕದಲ್ಲಿ ಆದ ಮೋರಿ ನೆಲದ ಮೇಲೂ ಉಂಟೋ ಎಂದು ನೋಡಿ ಬನ್ನಿ.

ಇನ್ನು ಸಹಕಾರಿ ಸಂಘ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಊರೂರು ತಿರುಗಿ ಸಹಕಾರಿ ಸಂಘಗಳನ್ನು ಕಟ್ಟಿಸಿದ ಜಿಲ್ಲೆ ಇದು. 2011ರ ಸಂವಿಧಾನ ತಿದ್ದುಪಡಿಯ ನಂತರ ನಮ್ಮ ರಾಜ್ಯದ ಸಹಕಾರಿ ಕಾನೂನಿನಲ್ಲಿ ಒಂದು ದೊಡ್ಡ ಬದಲಾವಣೆ ಬಂತು: ಸರಕಾರ ಒಪ್ಪಿದ ಪಟ್ಟಿಯಿಂದ ಸಂಘದ ಲೆಕ್ಕಪರಿಶೋಧಕನನ್ನು ಮಹಾಸಭೆಯೇ ನೇಮಿಸಬೇಕು. ಅಂದರೆ ದೇಶದ ಪ್ರಜೆಯಾಗಿ ನಿಮಗೆ ಇಲ್ಲದ ಅಧಿಕಾರ ಹಾಲಿನ ಸೊಸೈಟಿಯ ಸದಸ್ಯನಾಗಿ ನಿಮಗೆ ಉಂಟು! ಅದನ್ನು ನಾವು ಹೇಗೆ ಬಳಸುತ್ತೇವೆ? ಸೆಪ್ಟೆಂಬರಿನ ಮಹಾಸಭೆ. ಅಧ್ಯಕ್ಷರು ಹೆಸರು ಓದುತ್ತಾರೆ, ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ನಮ್ಮ ಕೈ ಮೇಲೆ, ಕಣ್ಣು ಊಟದ ಚಪ್ಪರದ ಕಡೆ. ಶೇಕಡಾ ಎಷ್ಟು ಡಿವಿಡೆಂಡು ಎಂದು ಕೇಳುತ್ತೇವೆ, ಸಂಘಕ್ಕೆ 'ಎ' ವರ್ಗ ಸಿಕ್ಕಿತೆಂದು ಚಪ್ಪಾಳೆ ತಟ್ಟುತ್ತೇವೆ. ಆ 'ಎ' ಕೊಟ್ಟವರು ಎಷ್ಟು ವರ್ಷದಿಂದ ಇದೇ ಸಂಘದ ಲೆಕ್ಕ ನೋಡುತ್ತಿದ್ದಾರೆ, ಆಡಳಿತ ಮಂಡಳಿಯವರಿಗೆ ನೆಂಟರೋ, ವಾಯಿದೆ ಮೀರಿದ ದೊಡ್ಡ ಸಾಲಗಳು ಯಾರ ಹೆಸರಿನಲ್ಲಿ ಉಂಟು ಎಂದು ಕೇಳಿದವರಿಗೆ ಊಟ ತಣ್ಣಗಾಗುತ್ತದೆ ಎಂಬ ಉತ್ತರ ಸಿಗುತ್ತದೆ. ತಣ್ಣಗಾಗಲಿ.

ಈ ಸಲ ನೋಟೀಸು ಮನೆಗೆ ಬಂದಾಗ ಬಣ್ಣದ ಪುಟಗಳನ್ನು ದಾಟಿ ಹಿಂದಿನ ಪುಟಕ್ಕೆ ಹೋಗಿ. ಹಿಂದಿನ ವರ್ಷದ ತಪಾಸಣೆಯಲ್ಲಿ ತೋರಿಸಿದ ನ್ಯೂನತೆಗಳು ಯಾವುವು, ಅದಕ್ಕೆ ಸಂಘ ಕೊಟ್ಟ ಅನುಪಾಲನಾ ವರದಿ ಏನು ಎಂದು ಎರಡೇ ಪ್ರಶ್ನೆ ಬರೆದುಕೊಂಡು ಹೋಗಿ. ಒಬ್ಬರೇ ಎದ್ದರೆ ಕೂರಿಸುತ್ತಾರೆ, ಅದಕ್ಕೆ ಐದು ಜನ ಒಟ್ಟಿಗೆ ಕೂತುಕೊಳ್ಳಿ. ಪಂಚಾಯತಿನಲ್ಲಿ, ಪುರಸಭೆಯಲ್ಲಿ ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಉಂಟು, ಹತ್ತು ರೂಪಾಯಿ ಶುಲ್ಕ, ಅರ್ಜಿ ಬರೆಯಲು ನಮ್ಮ ಕಚೇರಿಯಲ್ಲಿ ಜನ ಇದ್ದಾರೆ. ರಾಜ್ಯದ ಲೆಕ್ಕಪರಿಶೋಧನಾ ವರದಿಗಳು ಕನ್ನಡದಲ್ಲೂ ಸಿಗುತ್ತವೆ. ಮುಂದಿನ ಸಭೆಗೆ ಒಂದು ಪ್ರತಿ ತರಿಸುತ್ತೇವೆ. ಅಕ್ಷರ ಸಣ್ಣದು, ಹಿರಿಯರು ಕನ್ನಡಕ ಮರೆಯದೆ ತನ್ನಿ. ಪುರಸಭೆಗಳ ಮೇಲೆ, ಕಾರ್ಮಿಕರ ಕಲ್ಯಾಣದ ದುಡ್ಡಿನ ಮೇಲೆ ಬರೆದ ಪುಟಗಳಿದ್ದರೆ ಅವನ್ನು ಮೊದಲು ಓದೋಣ.